ಹನ್ನೊಂದು ಜನ ಆಚೆ ನೋಡುತ್ತಿದ್ದ ದೋಣಿ

ಹೋದ ತಿಂಗಳು ನಾಟಕದವರು ಮೂವರು ನನ್ನ ಮನೆಗೆ ಬಂದಿದ್ದರು. ಮೂವರೂ ಎಳೆಯರು, ಕೈಯಲ್ಲಿ ಟೇಪ್ ರೆಕಾರ್ಡರು. ಘಟ್ಟದ ಮೇಲಿನ ಯಾವುದೋ ಊರಿನಲ್ಲಿ ಜಾತಿಯ ದ್ವೇಷಕ್ಕೆ ಒಬ್ಬನ ಮನೆ ಸುಟ್ಟಿದ್ದಾರಂತೆ. ಆ ಊರಿನವರು ಆಡಿದ ಮಾತುಗಳನ್ನೇ ಜೋಡಿಸಿ ಇವರು ನಾಟಕ ಕಟ್ಟುತ್ತಾರಂತೆ. ಇದು ಹೊಸ ಪ್ರಯೋಗ ಎಂದು ಒಬ್ಬ ಹೇಳಿದ. ಹೊರಡುವಾಗ ಅವರಲ್ಲಿದ್ದ ಹುಡುಗಿ ಕೇಳಿದಳು: "ಸರ್, ನಲವತ್ತೆಂಟರಲ್ಲಿ ನೀವು ಆ ದೋಣಿಯ ನಾಟಕ ಆಡಿಸಿದ ಮಾರನೇ ದಿನ ಬಚ್ಚ, ಅವರ ಹೆಂಡತಿ ಜೊತೆ ನೀವೊಬ್ಬರೇ ದೋಣಿ ಹತ್ತಿದ್ರಂತೆ. ಬೇರೆ ಯಾರೂ ಹತ್ತಲಿಲ್ಲವಂತೆ. ನಿಜವಾ?"

"ಹೌದು" ಎಂದೆ. ಮೂವತ್ತೈದು ವರ್ಷದಿಂದ ಹಾಗೇ ಹೇಳುತ್ತ ಬಂದಿದ್ದೇನೆ. ಸನ್ಮಾನದ ಸಭೆಗಳಲ್ಲಿ ಬೇರೆಯವರೂ ಹೇಳಿದ್ದಾರೆ, ನಾನು ತಲೆ ತಗ್ಗಿಸಿ ಕೇಳಿದ್ದೇನೆ. ಅವರು ಹೋದ ಮೇಲೆ ಆ ವರ್ಷದ ಡೈರಿ ಹುಡುಕಿ ತೆಗೆದೆ. ತೆಗೆಯಬಾರದಿತ್ತು.

ನನ್ನ ಕೆಲಸದ ವಿಷಯ ಎರಡೇ ಸಾಲು. ಮದರಾಸಿನಲ್ಲಿ ಬಿ.ಎ. ಮಾಡಿ ಕುಂದಾಪುರದ ಒಂದು ಶಾಲೆಯಲ್ಲಿ ಇತಿಹಾಸ ಕಲಿಸಿದೆ, ಊರಿನ ಒಂದು ಸುಧಾರಣಾ ಸಂಘಕ್ಕೆ ನಾಟಕ ಬರೆದುಕೊಟ್ಟೆ, ಆಮೇಲೆ ಸರ್ಕಾರದ ನಾಟಕ ವಿಭಾಗವೊಂದರಲ್ಲಿ ಸೇರಿ ಅಲ್ಲಿಂದಲೇ ನಿವೃತ್ತನಾದೆ. ಎಲ್ಲೆಲ್ಲಿ ಯಾವ ಕುರ್ಚಿಯಲ್ಲಿ ಕೂತೆ ಎನ್ನುವುದು ಯಾರಿಗೂ ಬೇಡದ ಸಂಗತಿ. ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಉಪಯೋಗವಾಗುವುದು ನಮ್ಮ ತಪ್ಪುಗಳು ಮಾತ್ರ. ಅವು ಬೇಕಾದಷ್ಟಿವೆ.

ಮೊದಲನೆಯದು ಬೈಂದೂರಿನದು. ಯುದ್ಧದ ಕಾಲ. ಮಲೇರಿಯಾದ ಬಗ್ಗೆ ಜನರಿಗೆ ತಿಳಿವಳಿಕೆ ಕೊಡಲು ನಾಟಕ ಆಡಬೇಕೆಂದು ಸಂಘ ತೀರ್ಮಾನಿಸಿತು. ಹೊಳೆಗಳನ್ನು ದಾಟಿ, ಇದ್ದಿಲು ಗ್ಯಾಸಿನ ಬಸ್ಸನ್ನು ಏರಿನಲ್ಲೆಲ್ಲ ನಾವೇ ತಳ್ಳಿ, ಮೈಯೆಲ್ಲ ಮಸಿಯಾಗಿ ಬೈಂದೂರು ಮುಟ್ಟಿದೆವು. ಡಾಕ್ಟರ ಪಾತ್ರಕ್ಕೆ ನಾನು ಎರಡು ಪುಟದ ಭಾಷಣ ಬರೆದಿದ್ದೆ. ಸೊಳ್ಳೆಯ ಪಾತ್ರ ದೊಡ್ಡ ಹೊಟ್ಟೆಯ ಒಬ್ಬ ಗುಮಾಸ್ತನದು. ಅವನು ಅಡಿಕೆಹಾಳೆಯ ರೆಕ್ಕೆ ಕಟ್ಟಿಕೊಂಡು ರಂಗಸ್ಥಳದಲ್ಲಿ ಒಂದು ಸುತ್ತು ಹಾಕಿದ್ದೇ ತಡ, ಮಕ್ಕಳು ಮುದುಕರೆನ್ನದೆ ಎದ್ದು ನಿಂತರು. ಡಾಕ್ಟರು ಕ್ವಿನೈನ್ ಬಗ್ಗೆ ಬಾಯಿ ತೆರೆದಾಗ ಹಿಂದಿನಿಂದ ಒಬ್ಬ ಕೂಗಿದ: "ಹ್ವಾಯ್, ಡಾಕ್ಟ್ರ್ ಸಾಕ್ ಮಾರಾಯ್ರೆ. ಆ ನುಸಿ ಇನ್ನೊಂದ್ ಸಲ ಬರ್ಲಿ."

ಸೊಳ್ಳೆ ಮೂರು ಸಲ ಬಂತು. ಸಂಘದ ವರದಿಯಲ್ಲಿ 'ಜನರ ಪ್ರತಿಕ್ರಿಯೆ ಅತ್ಯಂತ ಉತ್ಸಾಹದ್ದಾಗಿತ್ತು' ಎಂದು ನಾನೇ ಬರೆದೆ. ರಂಗದ ಮೇಲೆ ಚೆಂದ ಕಂಡವನೇ ಗೆಲ್ಲುತ್ತಾನೆ, ಅವನು ರೋಗ ತರುವವನಾದರೂ ಸರಿ ಎಂಬ ಪಾಠ ಅವತ್ತೇ ಕಲಿಯಬೇಕಿತ್ತು. ನಾನು ಕಲಿತದ್ದು ವರದಿ ಬರೆಯುವುದನ್ನು.

ನಮ್ಮ ಸಂಘದ ಅಧ್ಯಕ್ಷರು ವಕೀಲಿ ಬಿಟ್ಟ ದೊಡ್ಡ ಮನುಷ್ಯರು. ಇಸ್ತ್ರಿ ಮಾಡಿದ ಖಾದಿ, ಜೇಬಿನಲ್ಲಿ ಕೆಂಪು ಪೆನ್ಸಿಲು. ನಾಟಕವನ್ನು ಕೊನೆಯ ಪುಟದಿಂದ ಓದಲು ಶುರುಮಾಡುತ್ತಿದ್ದರು. ಕೊನೆಯಲ್ಲಿ ಎಲ್ಲರೂ ಅಪ್ಪಿಕೊಂಡಿದ್ದರೆ ಹಿಂದಿನದನ್ನು ಓದುವ ತೊಂದರೆ ತೆಗೆದುಕೊಳ್ಳುತ್ತಿರಲಿಲ್ಲ.

ಇನ್ನು ದೋಣಿಯ ವಿಷಯ. ಹಂಗಾರಕಟ್ಟೆಯ ಕಡೆ ಹೊಳೆಯ ಈಚೆ ದಡದಲ್ಲಿ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯ ಮೊಮ್ಮಕ್ಕಳು ಈಗ ಒಳ್ಳೆಯ ಕೆಲಸದಲ್ಲಿದ್ದಾರೆ. ಆಚೆ ದಡದಲ್ಲಿ ದೋಣಿ ಕಟ್ಟುವ ಅಂಗಳ. ಊರ ಹೊರಗಿನ ಕೇರಿಯ ಬಚ್ಚ ಎಂಬ ಮೂವತ್ತರ ಗಂಡಸು ಅಲ್ಲಿ ಹಲಗೆ ಕೊಯ್ದು ಕೂರಿಸುವ ಕೆಲಸದವನು. ಅವನ ಕೇರಿಯವರು ಹೊಳೆ ದಾಟಿಸುವ ಕಡವಿನ ದೋಣಿ ಹತ್ತಬಹುದಿತ್ತು, ಆದರೆ ಅಡ್ಡಹಲಗೆಯ ಮೇಲೆ ಕೂರುವಂತಿರಲಿಲ್ಲ. ಹಿಂದುಗಡೆ, ಅಂಬಿಗನ ಕಾಲಬುಡದ ನೀರಿನಲ್ಲಿ ಕುಕ್ಕರುಗಾಲಿನಲ್ಲಿ ಕೂರಬೇಕು. ಆ ದೋಣಿಯ ಒಂದು ಅಡ್ಡಹಲಗೆ ಮುರಿದಾಗ ಹೊಸದನ್ನು ಕೂರಿಸಿಕೊಟ್ಟವನು ಬಚ್ಚನೇ. ಅದಾಗಿ ಕೆಲವು ದಿನಗಳ ಮೇಲೆ ಅವನು ದೋಣಿ ಹತ್ತಿ ಆ ಹಲಗೆಯ ಮೇಲೆ ಕೂತ. ಎಂತಕ್ಕೆ ಕೂತದ್ದೆಂದು ಯಾರೋ ಕೇಳಿದ್ದಕ್ಕೆ, "ಹಲ್ಗಿ ಗಟ್ಟಿ ಇತ್ತಾ ಅಂದ್ ಕಂಡದ್" ಎಂದ. ಊರ ಪಟೇಲರ ಅಳಿಯ ಎದ್ದು ಹೋಗಿ ಅಂಬಿಗನ ಕೈಯಿಂದ ಹುಟ್ಟು ಕಿತ್ತುಕೊಂಡು ಬಚ್ಚನ ಬಲಗೈಯ ಮಣಿಕಟ್ಟಿಗೆ ಹೊಡೆದ. ಮೂರು ಸಲ. ಆಮೇಲೆ ಹೊಳೆಗೆ ತಳ್ಳಿದ.

ಬಚ್ಚ ಈಜಿ ದಡ ಸೇರಿದ. ಮೂಳೆ ಅಡ್ಡಕ್ಕೆ ಕೂಡಿಕೊಂಡಿತು. ವಿಚಾರಣೆಗೆ ಬಂದವರು, ಕುಡಿದಿದ್ದ, ಕಾಲು ಜಾರಿ ಬಿದ್ದ ಎಂದು ಬರೆದುಕೊಂಡು ಹೋದರು. ಅಂಗಳದ ಯಜಮಾನರು ಅದನ್ನು ನಂಬಿ, ಕುಡಿದು ಬೀಳುವವನು ಗರಗಸದ ಹತ್ತಿರ ಬೇಡವೆಂದು ಅವನನ್ನು ಕೆಲಸದಿಂದ ಬಿಡಿಸಿದರು. ಅದಾದ ಮೇಲೆ ಆ ಕೇರಿಯವರು ಯಾರೂ ಕಡವಿನ ಹತ್ತಿರ ಸುಳಿಯಲಿಲ್ಲ. ಇಳಿತದ ಹೊತ್ತು ಕಾದು, ಮೇಲೆ ಬಹಳ ದೂರ ನಡೆದು, ಎದೆಮಟ್ಟದ ನೀರಿನಲ್ಲಿ ದಾಟುತ್ತಿದ್ದರು. ಆಚೆ ದಡದ ಶಾಲೆಗೆ ಹೋಗುತ್ತಿದ್ದ ಆ ಕೇರಿಯ ನಾಲ್ಕು ಮಕ್ಕಳ ಓದು ನಿಂತಿತು. ಊರಿನೊಳಗೂ ಏನೋ ಕೆಟ್ಟಿತ್ತು. ದೋಣಿಯಲ್ಲಿದ್ದವರು ಒಬ್ಬರಿಗೊಬ್ಬರು ಎದುರಾದರೆ ಬೇಲಿ ನೋಡುತ್ತ ಹೋಗುತ್ತಿದ್ದರು. ಅಂಗಡಿಯ ಜಗಲಿಯಲ್ಲಿ ಮಳೆ ಬೆಳೆ ಬಿಟ್ಟು ಬೇರೆ ಮಾತಿರಲಿಲ್ಲ.

ಬಚ್ಚನ ಹೆಂಡತಿ ಅಕ್ಕಣಿ ತೆಂಗಿನ ಗರಿಯ ಮಡಲು ನೇಯುವವಳು. ನಮ್ಮ ಶಾಲೆಯ ಮಾಡಿಗೆ ಹೊದಿಸಲು ಮಡಲು ತಂದಾಗ ನನ್ನ ಹತ್ತಿರ ನೇರವಾಗಿ ಹೇಳಿದಳು: "ಮಾಷ್ಟ್ರೆ, ನಂಗ್ ಯಾರಿಗೂ ಶಿಕ್ಷಿ ಆಯ್ಕ್ ಅಂದೆಲ್ಲ ಇಲ್ಲೆ. ಅವ್ರ್ ಕಾಲ್ ಜಾರ್ಲಿಲ್ಲ. ಅಷ್ಟ್ ಒಂದ್ ಆ ಯಜಮಾನ್ರ್ ಕಿಮಿಗ್ ಬೀಳ್ಕ್. ಕೆಲ್ಸ ತಿರ್ಗ್ ಸಿಕ್ರೆ ಸಾಕ್."

ಇದು ಬಹಳ ಸಣ್ಣ ಬೇಡಿಕೆ. ನಾನೇ ಹೊಳೆ ದಾಟಿ ಯಜಮಾನರಿಗೆ ಹೇಳಿಬರಬಹುದಿತ್ತು. ಅದರ ಬದಲು ನಾಟಕ ಬರೆದೆ. ನಾನು ಎಂಥ ಮನುಷ್ಯ ಎನ್ನುವುದು ನಿಮಗೆ ಇಷ್ಟರಲ್ಲೇ ಗೊತ್ತಾಗಬೇಕು.

ದೋಣಿಯಲ್ಲಿ ಆ ದಿನ, ಬಚ್ಚನನ್ನೂ ಹೊಡೆದವನನ್ನೂ ಬಿಟ್ಟು, ಹನ್ನೊಂದು ಜನ ಇದ್ದರು. ಅವರೆಲ್ಲರ ಮಾತು ಕೇಳಿ, ಆ ಮಾತನ್ನೇ ರಂಗಕ್ಕೆ ತರುವುದೆಂದು ಯೋಚಿಸಿದೆ. ಮೊದಲ ದಿನ ಪುಸ್ತಕ ಪೆನ್ಸಿಲು ಹಿಡಿದು ಹೋದೆ. ರೇಷನ್ನಿನ ಕಾಲ, ಪೆನ್ಸಿಲು ಹಿಡಿದು ಬಂದವನು ಅಕ್ಕಿ ತಪಾಸಣೆಗೇ ಬಂದವನು. ಒಬ್ಬ ಹೆಂಗಸಿಗೆ, "ದೋಣಿಯಲ್ಲಿ ನೀವು ಏನು ನೋಡಿದಿರಿ?" ಎಂದು ಕೇಳಿದೆ. "ನಮ್ಮನಿಲಿ ಅಕ್ಕಿ ಇಲ್ಲೆ ಒಡೇರೆ" ಎಂದು ಬಾಗಿಲು ಹಾಕಿಕೊಂಡಳು. ಆಮೇಲೆ ಬರಿಗೈಯಲ್ಲಿ ಹೋಗಿ, ದಿನಕ್ಕೆ ಇಬ್ಬರದೋ ಮೂವರದೋ ಮಾತು ಕೇಳಿ, ಬಾಯಿಪಾಠ ಮಾಡುತ್ತ ಕೋಟೇಶ್ವರದ ನನ್ನ ಕೋಣೆಗೆ ಓಡಿಬಂದು ಬರೆದುಕೊಳ್ಳುವ ಕ್ರಮ ಹಿಡಿದೆ. ಈಗ ನಿಮ್ಮ ಯಂತ್ರ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಒಳ್ಳೆಯದು. ಆದರೆ ಯಂತ್ರ ಕಂಡಕೂಡಲೇ ಜನ ಈಗಲೂ ಅಕ್ಕಿ ಇಲ್ಲವೆಂದೇ ಹೇಳುತ್ತಾರೆ, ಬೇರೆ ಮಾತಿನಲ್ಲಿ.

ಸಿಕ್ಕಿದ ಮಾತುಗಳು ಹೀಗಿದ್ದವು. ಅಂಬಿಗ ಗೋಯ್ದ ಹೇಳಿದ: "ನಾ ದೋಣಿ ನಡ್ಸುವಂವ. ನಂಗ್ ಕಾಂಬುದ್ ಹೊಳಿ ಮಾತ್ರ." ಬೆಲ್ಲದ ಅಂಗಡಿಯವನಿಗೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಪೂಜೆಗೆ ಹೊರಟ ಭಟ್ಟರೊಬ್ಬರು ಜಪ ಮಾಡುತ್ತಿದ್ದರು. ನನ್ನದೇ ವೃತ್ತಿಯ ಒಬ್ಬ ಮಾಸ್ತರು ಪೇಪರು ಓದುತ್ತಿದ್ದರು. ಮೀನು ಮಾರುವ ಪದ್ದು ಎಂಬ ವಯಸ್ಸಾದ ಹೆಂಗಸು, "ನಾನ್ ಬುಟ್ಟಿ ಸಮ ಮಾಡ್ತಿದ್ದೆ. ಬಂಗ್ಡಿ ಕೆಳ್ಗ್ ಬೀಳ್ತಿತ್ತ್" ಎಂದಳು. ಒಂದೇ ದೋಣಿಯಲ್ಲಿ ಕೂತು ಹನ್ನೊಂದು ಜನ ಹನ್ನೊಂದು ದಿಕ್ಕು ನೋಡುತ್ತಿದ್ದರು. ದೋಣಿಯ ನಡುವೆ ಏನಿತ್ತೆಂದು ಒಬ್ಬರಿಗೂ ಗೊತ್ತಿಲ್ಲ. ರಂಗದ ಮೇಲೆ ಅವರನ್ನು ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದರೆ ಸಾಕು, ನಾಟಕ ಆದಂತೆಯೇ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ಹನ್ನೊಂದು ಜನರನ್ನೂ ಮಾತಾಡಿಸಿದೆ ಎಂದೇ ನನ್ನ ನೆನಪು. ಡೈರಿಯಲ್ಲಿ ಇರುವುದು ಒಂಬತ್ತು ಜನರ ಮಾತು. ಉಳಿದೆರಡನ್ನು ಕೋಟೇಶ್ವರದ ಕೋಣೆಯಲ್ಲಿ ನಾನೇ ಹುಟ್ಟಿಸಿರಬೇಕು. ನಾಟಕದಲ್ಲಿ ಎಲ್ಲರೂ ಬಹಳ ಮೆಚ್ಚಿದ್ದು ಆ ಎರಡನ್ನೇ.

ಬಚ್ಚನ ಪಾತ್ರ ಅವನೇ ಮಾಡಿದರೆ ಹೇಗೆಂದು ಕೇಳಿದೆ. ಅಡ್ಡಕ್ಕೆ ಕೂಡಿದ ಕೈಯನ್ನು ಇನ್ನೊಂದು ಕೈಯಿಂದ ತಿಕ್ಕುತ್ತ, "ಬ್ಯಾಡ ಒಡೇರೆ. ಒಂದ್ ಸಲ ಬಿದ್ದದ್ ಸಾಕ್" ಎಂದ. ಆ ಪಾತ್ರ ನಮ್ಮ ಡ್ರಾಯಿಂಗ್ ಮಾಸ್ತರಿಗೆ ಹೋಯಿತು. ಮೆಲುದನಿಯ ಮನುಷ್ಯ. ಬಚ್ಚ ಅವತ್ತು ಆಡಿದ್ದು ಒಂದೇ ಮಾತು, ಹಾಗಾಗಿ ಅವರಿಗೂ ಒಂದೇ ಮಾತು.

ಹೊಡೆದವನನ್ನು ಮಾತಾಡಿಸಲು ಹೋದಾಗ ಅವನು ನಾಯಿ ಬಿಟ್ಟಿದ್ದ. ಹಾಗಾಗಿ ಅವನ ಮಾತು ನಮ್ಮಲ್ಲಿ ಇರಲಿಲ್ಲ. ಅಧ್ಯಕ್ಷರಿಗೆ ಇದು ಸರಿಕಾಣಲಿಲ್ಲ. "ಎರಡೂ ಪಕ್ಷ ಬೇಕಲ್ಲ ಮಾಸ್ತರೇ? ತಾಳಮದ್ದಳೆಯಲ್ಲಿ ಎದುರಾಳಿಗೆ ಮಾತೇ ಇಲ್ಲದ ಪ್ರಸಂಗ ಎಲ್ಲಾದರೂ ಉಂಟೇ?" ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸುವುದರಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ. ಆ ಪಾತ್ರಕ್ಕೆ ಶೀನಣ್ಣನನ್ನು ಕರೆಸಿದೆವು. ವೇಷ ಕಟ್ಟದೆ ಕೂತಲ್ಲೇ ವಾದ ಹೂಡುವ ತಾಳಮದ್ದಳೆಯಲ್ಲಿ ಆ ಕಾಲಕ್ಕೆ ಅವನ ಎದುರು ನಿಲ್ಲುವವರು ನಮ್ಮ ಕಡೆ ಕಡಿಮೆ. ಬರೆದು ಕೊಟ್ಟದ್ದನ್ನು ಓದುವ ಅಭ್ಯಾಸ ಅವನಿಗಿಲ್ಲ. "ಸಂದರ್ಭ ಎಂತ ಅಂದ್ ಹೇಳಿ ಸಾಕ್. ಮಾತ್ ನಂಗ್ ಬಿಡಿ" ಎಂದ. ಬಿಟ್ಟೆವು.

ಬ್ರಹ್ಮಾವರದ ಒಂದು ಶಾಲೆಯ ಹಾಲಿನಲ್ಲಿ, ಭಾನುವಾರ ಮಧ್ಯಾಹ್ನ, ಮೊದಲ ಪ್ರಯೋಗ. ಹನ್ನೊಂದು ಜನ ತಮ್ಮ ಮಾತು ಒಪ್ಪಿಸಿದರು. ಡ್ರಾಯಿಂಗ್ ಮಾಸ್ತರು ಬೆಂಚಿನ ಮೇಲೆ ಕೂತು, "ಹಲ್ಗಿ ಗಟ್ಟಿ ಇತ್ತಾ ಅಂದ್ ಕಂಡದ್" ಎಂದರು. ಆಗ ಶೀನಣ್ಣ ಎದ್ದ. ಅವನ ಎದುರು ಯಾರೋ ಮಾತಾಡಿದ್ದಾರೆ. ಅವನ ಲೆಕ್ಕದಲ್ಲಿ ಅದನ್ನು ಗೆಲ್ಲಬೇಕು. ಹಲಗೆ ಎಂದರೇನು ಎಂದು ಶುರುಮಾಡಿದ. ಮರದಿಂದ ಹಲಗೆಗೆ, ಹಲಗೆಯಿಂದ ದೋಣಿಗೆ, ದೋಣಿಯಿಂದ ಸಂಸಾರವೆಂಬ ಕಡಲಿಗೆ, ಅಲ್ಲಿಂದ ಕೃತಯುಗಕ್ಕೆ. ಯಾರು ಎಲ್ಲಿ ಕೂತರೆ ದೋಣಿ ಮಗುಚುವುದಿಲ್ಲ ಎಂಬುದನ್ನು ಕಾಲು ಗಂಟೆ ವಿಸ್ತರಿಸಿದ. ನಡುವೆ ಎರಡು ಹಾಸ್ಯ, ಒಂದು ಶ್ಲೋಕ. ಕೊನೆಗೆ ಡ್ರಾಯಿಂಗ್ ಮಾಸ್ತರ ಕಡೆ ಬಗ್ಗಿ, "ಉತ್ತರ ಇತ್ತಾ?" ಎಂದು ಕೇಳಿದ. ಡ್ರಾಯಿಂಗ್ ಮಾಸ್ತರಿಗೆ ಇದ್ದದ್ದು ಒಂದೇ ಮಾತು. ಅದು ಮುಗಿದುಹೋಗಿತ್ತು. ಹಾಲಿನ ಮಾಡು ಹಾರುವಂತೆ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು ಕಣ್ಣೊರೆಸಿಕೊಂಡರು. ಅವನು ಹೊಡೆದದ್ದನ್ನು ಯಾರೂ ಸರಿಯಾಗಿ ಗಮನಿಸಲೂ ಇಲ್ಲ, ಭಾಷಣದ ಗುಂಗಿನಲ್ಲಿದ್ದರು. ಬೈಂದೂರಿನ ಸೊಳ್ಳೆ ಬ್ರಹ್ಮಾವರಕ್ಕೂ ಬಂದಿತ್ತು.

ಅಕ್ಕಣಿ ಬಂದಿದ್ದಳೆಂದು ನನಗೆ ಗೊತ್ತಾದದ್ದು ಹೊರಗೆ ಬಂದಾಗ. ಜಗಲಿಯಲ್ಲಿ ನಿಂತು ಕಿಟಕಿಯಿಂದ ನೋಡಿದ್ದಳು. ಒಳಗೆ ಬಾ ಎಂದು ಯಾರೂ ಕರೆದಿರಲಿಲ್ಲ.

"ಎಂತ ಅನ್ನಿಸಿತು?" ಎಂದು ಕೇಳಿದೆ. ಲೇಖಕನ ಚಟ.

"ಚೆಂದ ಇತ್ತ್ ಮಾಷ್ಟ್ರೆ" ಎಂದಳು. ಜಗಲಿ ಇಳಿಯುತ್ತ, "ಆರೆ ಅವ ಅವತ್ ಇಷ್ಟ್ ಚೆಂದ ಮಾತಾಡ್ಲಿಲ್ಲ ಅಂಬ್ರ್. ಬರೀ ಹೊಡ್ದದ್ದ್" ಎಂದಳು.

ನಾಟಕದ ಬಗ್ಗೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ಮದರಾಸಿನಲ್ಲಿ ಮೂರು ವರ್ಷ ಓದಿದವನಿಗೆ ಹೊಳೆಯದ್ದು ಅದು. ನಮಗೆ ಎದುರಾಳಿಯೆಂದರೆ ವಾದ ಮಾಡುವವನು. ವಾದವೇ ಇಲ್ಲದೆ ಹೊಡೆದವನಿಗೆ ನಾವು ಕೈಯಾರೆ ವಾದ ಒದಗಿಸಿದ್ದೆವು.

ಮುಂದಿನ ಪ್ರಯೋಗ ಆ ಊರಿನ ಹೊಳೆದಂಡೆಯಲ್ಲೇ ಆಗಬೇಕು, ಹೊಡೆದವನಿಗೆ ಮಾತು ಇರಬಾರದು ಎಂದು ನಿಶ್ಚಯಿಸಿದೆ. ಅಧ್ಯಕ್ಷರು ಕೆಂಪು ಪೆನ್ಸಿಲು ತೆಗೆದರು. "ದೋಣಿ ಅಲುಗಾಡಿತು, ಎಲ್ಲರೂ ಬಿದ್ದರು ಎಂದು ಮಾಡಿ. ಎಲ್ಲರಿಗೂ ಸಮ ಆಗುತ್ತದೆ" ಎಂದರು. ಈ ಸಲ ನಾನು ತಲೆಯಾಡಿಸಲಿಲ್ಲ. ಹಾಗಾದರೆ ಸಂಘದ ಪರದೆ ಕೊಡುವುದಿಲ್ಲ ಎಂದರು. ಹೊಳೆದಂಡೆಯಲ್ಲಿ ಪರದೆ ಕಟ್ಟಲು ಕಂಬವೇ ಇರಲಿಲ್ಲ.

ಕಷ್ಟವಾದದ್ದು ಶೀನಣ್ಣನನ್ನು ಒಪ್ಪಿಸುವುದು. "ಮಾತಿಲ್ದಿದ್ ಪಾತ್ರ ನಂಗ್ ಎಂತಕೆ? ನಾನೆಂತ ಮರದ ಗೊಂಬಿಯಾ?" ಎಂದ. ಅಕ್ಕಣಿ ಹೇಳಿದ್ದನ್ನು ಹಾಗೇ ಹೇಳಿದೆ. ಅವನು ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು ಕೂತ.

"ಒಂದ್ ಮಾತೂ ಆಡ್ದೆ ಹೊಡ್ದ್ನಾ?"

"ಹೌದು."

"ಹಂಗಾರ್ ಅವ್ನತ್ರ ಎಂತದೂ ಇರ್ಲಿಲ್ಲೆ ಅಂದಾಯ್ತ್. ಇಂಥ ಬಡ್ವನ್ ಪಾತ್ರ ನಾನ್ ಇದ್ವರಿಗ್ ಮಾಡ್ಲಿಲ್ಲ ಕಾಣಿ" ಎಂದು ಒಪ್ಪಿಕೊಂಡ.

ಅಂಗಳದಿಂದ ಅರ್ಧ ಕಟ್ಟಿದ ಒಂದು ದೋಣಿಯನ್ನು ಎರವಲು ಕೇಳಿದೆವು. ಯಜಮಾನರು ಕೊಟ್ಟರು, ತಮ್ಮ ದೋಣಿ ನಾಟಕದಲ್ಲಿ ಹೇಗೆ ಕಾಣುತ್ತದೆಂದು ನೋಡಲು ತಾವೂ ಹೊರಟು ಬಂದರು. ಹುಟ್ಟಿಗೆ ಗೋಯ್ದನನ್ನು ಕೇಳಿದೆ. ಕಡವಿನ ದೋಣಿಯದನ್ನೇ ತಂದುಕೊಟ್ಟ. "ಇದೇ ಅಲ್ಲವಾ ಅವತ್ತಿನದು?" ಎಂದೆ. "ಇನ್ನೊಂದ್ ಎಲ್ಲಿತ್ತ್?" ಎಂದ.

ಸಂಜೆ ನಾಲ್ಕರ ಹೊತ್ತು. ಊರಿನವರು ಮರಳಿನ ಮೇಲೆ ಕೂತರು. ಕೇರಿಯವರು ದೂರದಲ್ಲಿ, ಮುಂಡಕದ ಪೊದೆಗಳ ಹತ್ತಿರ, ಯಾರೂ ಹೇಳದೆಯೇ ತಮ್ಮ ಜಾಗ ಹುಡುಕಿಕೊಂಡು ಕೂತರು. ಯಾರು ಎಲ್ಲಿ ಕೂರಬೇಕು ಎಂಬುದರ ಬಗ್ಗೆಯೇ ನಾಟಕ ಆಡಿಸಲು ಬಂದವರು ನಾವು. ನಮ್ಮ ಪ್ರೇಕ್ಷಕರು ಹೇಗೆ ಕೂತಿದ್ದಾರೆಂದು ತಿರುಗಿ ನೋಡಲಿಲ್ಲ. ಇದು ಡೈರಿಯಲ್ಲೂ ಇಲ್ಲ. ಎಷ್ಟೋ ವರ್ಷದ ಮೇಲೆ ಅಕ್ಕಣಿ ಹೇಳಿದ ಮೇಲೆ ನೆನಪಾದದ್ದು, ಅಥವಾ ನೆನಪಾಯಿತೆಂದು ನಾನು ಅಂದುಕೊಂಡದ್ದು.

ನಾಟಕ ನಡೆಯಿತು. ತಮ್ಮ ಮಾತನ್ನು ಬೇರೆಯವರ ಬಾಯಲ್ಲಿ ಕೇಳಿ ಮೊದಲು ಕೆಲವರು ನಕ್ಕರು. ಆಮೇಲೆ ನಗು ನಿಂತಿತು. ಭಟ್ಟರು ನಡುವೆಯೇ ಎದ್ದು ಹೋದರು. ಪದ್ದುವಿನ ಪಾತ್ರದವನು ಸೆರಗು ಹೊದ್ದು, "ನಾನ್ ಬುಟ್ಟಿ ಸಮ ಮಾಡ್ತಿದ್ದೆ" ಎನ್ನುತ್ತ ಬುಟ್ಟಿ ತಿರುಗಿಸತೊಡಗಿದ. ಇನ್ನೂ ತಿರುಗಿಸುತ್ತಲೇ ಇದ್ದ. ಮರಳಿನ ಮೇಲೆ ಕೂತ ನಿಜವಾದ ಪದ್ದು ತಡೆಯಲಾರದೆ, "ಬುಟ್ಟಿ ಸಮ ಮಾಡುಕೆ ಎಷ್ಟ್ ಹೊತ್ ಬೇಕ್ ನಿಂಗೆ?" ಎಂದಳು. ಯಾರೂ ನಗಲಿಲ್ಲ. ಡ್ರಾಯಿಂಗ್ ಮಾಸ್ತರು ತಮ್ಮ ಒಂದು ಮಾತು ಹೇಳಿದರು. ಶೀನಣ್ಣ ಎದ್ದ. ಅವನ ತುಟಿ ಅಲುಗಿತು. ಅವನು ಬಾಯಿ ಮುಚ್ಚಿಕೊಂಡು ಹುಟ್ಟಿನಿಂದ ಹಲಗೆಗೆ ಮೂರು ಸಲ ಹೊಡೆದ. ಅಷ್ಟೇ ನಾಟಕ.

ಚಪ್ಪಾಳೆ ಬರಲಿಲ್ಲ. ಯಜಮಾನರು ಎದ್ದು ಮರಳು ಕೊಡವಿಕೊಳ್ಳುತ್ತ ಪದ್ದುವಿನ ಹತ್ತಿರ ಬಂದರು.

"ಪದ್ದಕ್ಕ, ಅವ ಕುಡ್ದಿದ್ನಾ?"

"ಇಲ್ಲೆ."

"ಕಾಲ್ ಜಾರಿದ್ದಾ?"

ಪದ್ದು ಗೋಯ್ದನ ಕಡೆ ನೋಡಿದಳು. ಗೋಯ್ದ ಹೊಳೆ ನೋಡುತ್ತಿದ್ದ. "ಕಾಲ್ ಜಾರ್ಲಿಲ್ಲ ಮಾರಾಯ್ರೆ" ಎಂದಳು. "ನಾನ್ ಕಂಡಿದೆ. ಈಗ್ ನನ್ನ್ ಬಿಡಿ, ಮೀನ್ ಹಾಳಾತ್ತ್."

ಯಜಮಾನರು ಪೊದೆಯ ಕಡೆ ತಿರುಗಿ ಕೂಗಿ ಹೇಳಿದರು: "ಬಚ್ಚ, ನಾಳಿಂದ ಬಾ. ಕೊಯ್ಯುಕೆ ಆತ್ತಿಲ್ಲೆ ನಿಂಗೆ. ಹಲ್ಗಿ ಸಂದಿಗ್ ನಾರ್ ತುಂಬು ಕೆಲ್ಸ ಒಂದ್ ಕೈಯಂಗೂ ಆತ್ತ್."

ಅಕ್ಕಣಿ ಕೇಳಿದ್ದು ಸಿಕ್ಕಿತು. ನಾನು ಬರೆಯುತ್ತಿರುವುದು ನಾಟಕದ ಗೆಲುವಿನ ಕಥೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು. ಅಧ್ಯಕ್ಷರೂ ಒಪ್ಪುತ್ತಿದ್ದರು.

ಮಾರನೆಯ ಬೆಳಿಗ್ಗೆ ಕಡವಿನಲ್ಲಿ ದೋಣಿ ತುಂಬಿತ್ತು. ಬಚ್ಚ ಬಂದ, ಜೊತೆಗೆ ಅಕ್ಕಣಿ. ದೋಣಿ ಹತ್ತಿದ. ಹಿಂದಕ್ಕೆ ಹೋಗಲಿಲ್ಲ. ತಾನು ಕೂರಿಸಿದ ಹಲಗೆಯ ಮೇಲೆ ಕೂತ. ಅಕ್ಕಣಿ ಪಕ್ಕದಲ್ಲಿ ಕೂತಳು. ಒಬ್ಬರೂ ಬಯ್ಯಲಿಲ್ಲ, ಕೈ ಎತ್ತಲಿಲ್ಲ. ಬೆಲ್ಲದ ಅಂಗಡಿಯವನು ಎದ್ದು ಇಳಿದ. ಮಾಸ್ತರು ಪೇಪರು ಮಡಚಿ ಇಳಿದರು. ಒಬ್ಬೊಬ್ಬರಾಗಿ ಎಲ್ಲರೂ, ಏನೋ ಮರೆತು ಬಂದವರ ಹಾಗೆ, ದಡಕ್ಕೆ ಇಳಿದು ನಿಂತರು. ಪದ್ದುವೂ ಇಳಿದಳು. ಅವಳ ಬುಟ್ಟಿ ಮಾತ್ರ ದೋಣಿಯಲ್ಲೇ ಉಳಿಯಿತು. ಗೋಯ್ದ ಸ್ವಲ್ಪ ಕಾದು, ಕೊನೆಗೆ ಹುಟ್ಟು ಹಾಕಿದ. ಅವತ್ತು ಮಾತ್ರ ದಡದಲ್ಲಿದ್ದವರೆಲ್ಲ ಕಣ್ಣು ಕೀಳದೆ ದೋಣಿಯನ್ನೇ ನೋಡುತ್ತಿದ್ದರು. ಎರಡನೆಯ ಸಲಕ್ಕೆ ಪದ್ದು ಆಚೆ ಹೋದಾಗ, ಬಚ್ಚ ಬುಟ್ಟಿಯನ್ನು ನೆರಳಿನಲ್ಲಿಟ್ಟು, ಮೇಲೆ ಒದ್ದೆ ಎಲೆ ಹೊದಿಸಿ, ಕಾಗೆ ಓಡಿಸುತ್ತ ಕೂತಿದ್ದನಂತೆ.

ನಾನು ಹೇಳುತ್ತ ಬಂದ ಕಥೆಯಲ್ಲಿ ಆ ಮೊದಲ ದೋಣಿಯಲ್ಲಿ ಮೂವರು ಇದ್ದಾರೆ: ಬಚ್ಚ, ಅಕ್ಕಣಿ, ನಾನು. ಡೈರಿಯಲ್ಲಿ ಆ ದಿನದ ಪುಟದಲ್ಲಿ ಇರುವುದು ಇಷ್ಟು: 'ಬೆಳಿಗ್ಗೆ ಬಚ್ಚ, ಅಕ್ಕಣಿ ದಾಟಿದರು. ಪದ್ದುವಿನ ಬುಟ್ಟಿಯೂ. ನೀರು ಏರುತ್ತಿತ್ತು.' ಬುಟ್ಟಿಯನ್ನು ಬರೆಯಲು ಮರೆಯದವನು ತನ್ನನ್ನು ಬರೆಯಲು ಮರೆತಿದ್ದಾನೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಕಣ್ಣು ಮುಚ್ಚಿದರೆ ಆ ಬೆಳಗು ಈಗಲೂ ಕಾಣುತ್ತದೆ. ಕಾಣುವುದು ಇಬ್ಬರ ಬೆನ್ನು. ಬಚ್ಚನ ಅಂಗಿಯ ಹರುಕು, ಅಕ್ಕಣಿಯ ತುರುಬು, ಸಣ್ಣದಾಗುತ್ತ ಹೋಗುವ ದೋಣಿ. ದೋಣಿಯೊಳಗೆ ಕೂತವನಿಗೆ ಅದು ಸಣ್ಣದಾಗುತ್ತ ಹೋಗುವುದು ಕಾಣುವುದಿಲ್ಲ.

ಆ ಹುಡುಗಿಗೆ ಕಾಗದ ಬರೆಯುತ್ತೇನೆ. ಹೌದು ಎಂದದ್ದು ಸುಳ್ಳು, ಟೇಪಿನಿಂದ ಅದನ್ನು ಅಳಿಸಬೇಡ, ಅದರ ಪಕ್ಕದಲ್ಲಿ ಇದನ್ನೂ ಇಟ್ಟುಕೋ ಎಂದು ಬರೆಯಬೇಕು. ಯಾಕೆ ಹತ್ತಲಿಲ್ಲ ಎಂದು ಅವಳು ತಿರುಗಿ ಕೇಳಿಯೇ ಕೇಳುತ್ತಾಳೆ. ಒಬ್ಬನ ಕಣ್ಣಿಗೆ ಬಿಸಿಲು ಹೊಡೆಯುತ್ತಿತ್ತು, ಒಬ್ಬರು ಜಪದಲ್ಲಿದ್ದರು, ಒಬ್ಬಳು ಬುಟ್ಟಿ ಸಮ ಮಾಡುತ್ತಿದ್ದಳು. ನಾನು ಎಲ್ಲವನ್ನೂ ಗಮನವಿಟ್ಟು ನೋಡಿ ನೆನಪಿಟ್ಟುಕೊಳ್ಳುತ್ತಿದ್ದೆ.